ನಡುವಿನ ದುಭಾಷಿ

ಒಣಗಿದ ಬಟ್ಟೆ ಮಡಿಸುತ್ತ ಕೂತಿದ್ದ ಸೊಸೆ ಎರಡು ಕ್ಲಿಪ್ಪುಗಳನ್ನು ಬದಿಗಿಟ್ಟುಕೊಂಡಳು. ಬೆಸುಗೆ ಹಾಕುವಾಗ ತಂತಿ ಅಲುಗದಂತೆ ಹಿಡಿಯಲು ಅವಕ್ಕಿಂತ ಒಳ್ಳೆಯ ಕೈಯಿಲ್ಲ.

“ಆಯ್ತೇನೇ?” ಒಳಕೋಣೆಯಿಂದ ಅತ್ತೆ ಕೂಗಿದರು.

“ಬಂದೆ ಅತ್ತೆ.”

“ನಿನ್ನ ‘ಬಂದೆ’ ಕೇಳಿ ಕೇಳಿ ಈ ಕಂಪ್ಯೂಟರಿಗೂ ನನ್ನಷ್ಟೇ ವಯಸ್ಸಾಯ್ತು.”

ಸ್ವೆಟರ್ ಕಾರ್ಖಾನೆಗೆ ಅತ್ತೆ ಹೂಬಳ್ಳಿಯ ನಮೂನೆ ಬರೆಯುತ್ತ ಬಂದದ್ದು ಆ ಹಳೆಯ ಕಂಪ್ಯೂಟರಿನಲ್ಲೇ, ಜಾಯ್‌ಸ್ಟಿಕ್ ಹಿಡಿದು. ಈಚೆಗೆ ಗೆರೆಗಳು ಡೊಂಕಾಗತೊಡಗಿದ್ದವು. ಮುಂದಿನ ನಮೂನೆಗಳನ್ನೂ ನೀವೇ ಬರೆಯುವಿರಾ ಎಂದು ಕಾರ್ಖಾನೆಯವರು ಕೇಳಿದ್ದರು. ‘ಇನ್ನು ನನ್ನಿಂದಾಗದು’ ಎಂದು ಬರೆದು, ಲಕೋಟೆ ಅಂಟಿಸಿ, ಚಳಿಗಾಲ ಕಳೆದರೂ ಅತ್ತೆ ಅಂಚೆಗೆ ಹಾಕಿರಲಿಲ್ಲ. “ಕೆಟ್ಟಿರೋದು ಜಾಯ್‌ಸ್ಟಿಕ್ಕು, ನನ್ನ ಕೈಯಲ್ಲ. ಹೊಸದು ಮಾಡ್ಕೊಡು, ಈ ಕಾಗದ ಹರಿದು ಹಾಕ್ತೀನಿ” ಎನ್ನುತ್ತಿದ್ದರು.

ರಿಪೇರಿ ಅಂಗಡಿ ನಡೆಸುತ್ತಿದ್ದ ಸೊಸೆ ಈಗಿನ ಕಾಲದ ಗೇಮ್ ಕಂಟ್ರೋಲರ್ ಒಂದನ್ನು ಬಿಚ್ಚಿದ್ದಳು. ಹೊಸ ಕಂಟ್ರೋಲರಿನ ಮಾತು ಹಳೆಯ ಕಂಪ್ಯೂಟರಿಗೆ ತಿಳಿಯದು. ನಡುವೆ ಬೆರಳಗಲದ ಸರ್ಕ್ಯೂಟ್ ಬೋರ್ಡನ್ನು ಕೂರಿಸಿ, “ಇದು ದುಭಾಷಿ ಅತ್ತೆ” ಎಂದಿದ್ದಳು. ಹೇಳದೆ ಉಳಿಸಿಕೊಂಡದ್ದು ಒಂದಿತ್ತು: ಕೈಯಿಂದ ಸಣ್ಣ ನಡುಕ ಬಂದರೆ ನುಂಗಿಕೊಳ್ಳುವುದನ್ನೂ ಆ ಬೋರ್ಡಿಗೆ ಕಲಿಸಿದ್ದಳು.

ಕೊನೆಯ ತಂತಿ ಬೆಸೆದು ತಂದುಕೊಟ್ಟಳು. ಅತ್ತೆ ಬರೆದ ಹೂಬಳ್ಳಿ ಪರದೆಯ ಮೇಲೆ ನೂಲು ಹಿಡಿದಂತೆ ನೆಟ್ಟಗೆ ಹರಿಯಿತು.

“ನೋಡಿದ್ಯಾ! ಕುಣಿಯಲಾರದವಳು ನೆಲ ಡೊಂಕು ಅಂದ್ಲು ಅಂತ ಒಳಗೊಳಗೇ ನಗ್ತಿದ್ದೆಯಲ್ಲ.”

“ನಾನ್ಯಾಕೆ ನಗಲಿ ಅತ್ತೆ?”

ಹರಿದು ಹಾಕಲೆಂದು ಅತ್ತೆ ಲಕೋಟೆ ಎತ್ತಿಕೊಂಡರು. ಅದು ಅವರ ಬೆರಳುಗಳಲ್ಲಿ ಪಟಪಟನೆ ಬಡಿದುಕೊಂಡಿತು. ಲಕೋಟೆಯನ್ನು ನೋಡಿದರು, ಪರದೆಯನ್ನು ನೋಡಿದರು. ಆಮೇಲೆ ಕಂಟ್ರೋಲರಿನ ಕಡ್ಡಿಯನ್ನು ಬೇಕೆಂದೇ ತುಸು ಅಲುಗಿಸಿದರು. ಪರದೆಯ ಚುಕ್ಕಿ ಮಿಸುಕಲಿಲ್ಲ.

“ನಿನ್ನ ದುಭಾಷಿ ನಾನಂದಿದ್ದನ್ನ ತಿದ್ದಿ ಹೇಳ್ತಾನೆ, ಅಲ್ವಾ?”

ಸೊಸೆ ತಲೆ ತಗ್ಗಿಸಿದಳು. “ಯಾರಿಗೆ ಗೊತ್ತಾಗುತ್ತೆ ಅತ್ತೆ?”

“ಎಸಳು ನೋಡು.”

ಪರದೆಯ ಹೂಗಳ ಎಸಳಿನ ತುದಿಗಳೆಲ್ಲ ಮೊಂಡಾಗಿದ್ದವು. ಕೈಯ ನಡುಕದ ಜೊತೆ, ಎಸಳನ್ನು ಬಾಗಿಸುವ ಆ ಸಣ್ಣ ತಿರುವನ್ನೂ ಬೋರ್ಡು ನುಂಗಿತ್ತು.

“ಸ್ವಲ್ಪ ಕಡಿಮೆ ಮಾಡ್ತೀನಿ...”

“ಕಡಿಮೆ ಮಾಡಿದ್ರೆ ನಡುಕ ಬರುತ್ತೆ, ಹೆಚ್ಚು ಮಾಡಿದ್ರೆ ಹೂ ಸಾಯುತ್ತೆ. ಸಾಕು ಬಿಡು, ಪುಣ್ಯಾತ್ಗಿತ್ತಿ. ನನ್ನ ಚಪ್ಪಲಿ ಎಲ್ಲಿ?”

ಬೀದಿ ತಿರುವಿನ ಅಂಚೆ ಡಬ್ಬಿಯ ಬಾಯಂಚಿಗೆ ಅತ್ತೆಯ ಕೈಯಲ್ಲಿದ್ದ ಲಕೋಟೆ ಒಮ್ಮೆ ಆಚೆ ತಾಗಿತು, ಒಮ್ಮೆ ಈಚೆ. ಸೊಸೆಯ ಕೈ ಮುಂದೆ ಬಂದು, ಹಾಗೇ ಹಿಂದೆ ಸರಿಯಿತು. ಜನ ದಾಟಿಹೋಗುತ್ತಿದ್ದರು. ಬಹಳ ಹೊತ್ತಿನ ಮೇಲೆ, ಖಾಲಿ ಡಬ್ಬಿಯ ತಳದಲ್ಲಿ ಕಾಗದ ಬಿದ್ದ ಸದ್ದಾಯಿತು.