ಬೀಗವೋ, ಬೇಗವೋ?

ಹೊಲಿಗೆ ಕಾರ್ಖಾನೆಯ ಹಿಂಬಾಗಿಲಿಗೆ ಸದಾ ಬೀಗ. ಒಳಗೆ ಬಟ್ಟೆಯ ರಾಶಿ, ಮೇಲೆ ಹಳೆಯ ವೈರು. ಬೆಂಕಿ ಬಿದ್ದರೆ ಓಡುವುದೆಲ್ಲಿಗೆ? ಪ್ರತಿ ಸಭೆಯಲ್ಲೂ ಹೆಂಗಸರು ಇದನ್ನೇ ಕೇಳುತ್ತಿದ್ದರು. ಮ್ಯಾನೇಜರ್ ಹೂಂ ಅನ್ನುತ್ತಿದ್ದರು. ಮುಂದಿನ ಸಭೆಯಲ್ಲಿ, "ನಾನು ಹಾಗಂದೆನಾ?" ಎಂದು ಕೈ ತೊಳೆದುಕೊಳ್ಳುತ್ತಿದ್ದರು.

ಸಭೆಯ ಮಾತು ಬರೆದುಕೊಳ್ಳುವವಳಿಗೆ 'ಬರೆಯೋ ಅಕ್ಕ' ಅಂತಲೇ ಹೆಸರು ಬಿದ್ದಿತ್ತು. ಅವಳು ಒಂದು ಸಾಲು ಬರೆಯುವಷ್ಟರಲ್ಲಿ ನಾಲ್ಕು ಮಾತು ಹಾರಿಹೋಗುತ್ತಿದ್ದವು. ತಲೆ ಎತ್ತಲೂ ಪುರುಸೊತ್ತಿಲ್ಲ, ಇನ್ನು ಬಾಯಿ ತೆರೆಯುವುದೆಲ್ಲಿ? ತನ್ನ ಮಿಷನ್ನಿನ ವೈರಿನಿಂದ ಕಿಡಿ ಹಾರಿ ಬಟ್ಟೆಗೆ ಹತ್ತಿದ್ದನ್ನು ಅವಳೇ ತುಳಿದು ಆರಿಸಿದ್ದಳು. ಅದನ್ನೂ ಸಭೆಯಲ್ಲಿ ಹೇಳಲಾಗಲಿಲ್ಲ. ಆ ಸಂಜೆ ಅವಳಿಗೆ ಊಟ ಸೇರಲಿಲ್ಲ.

ಪಕ್ಕದ ಮನೆಯ ನರ್ಸಮ್ಮ ವಿಷಯ ಕೇಳಿದಳು. "ನಮ್ಮ ಆಸ್ಪತ್ರೆ ಸಭೇಲಿ ಫೋನಿನಲ್ಲಿರೋ ಎಐ ಸಹಾಯಕ ಆ್ಯಪೇ ಬರ್ಕೊಳ್ಳುತ್ತೆ ಕಣೇ. ಮೇಜಿನ ಮಧ್ಯ ಇಟ್ಟರಾಯ್ತು. ಏನು ಮಾತಾಯ್ತು, ಏನು ತೀರ್ಮಾನವಾಯ್ತು, ಎಲ್ಲ ಬರೆದುಕೊಡುತ್ತೆ. ನೀನು ಆರಾಮಾಗಿ ಮಾತಾಡಬಹುದು."

ಅದೇ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಬರೆಯೋ ಅಕ್ಕನ ಅತ್ತೆ ಮೂಗು ಮುರಿದರು. "ಗೋಡೆಗೂ ಕಿವಿ ಇದೆ ಅಂತ ಹೆದರ್ತಿದ್ವಿ. ಈಗ ನಾವೇ ಕಿವಿ ತಂದು ಮೇಜಿನ ಮೇಲಿಡೋದಾ?"

"ನಿಮ್ಮ ಭಯ ಸರೀನೇ ಅಮ್ಮ," ಎಂದಳು ನರ್ಸಮ್ಮ. "ಅದಕ್ಕೇ ಮೊದಲು ಎಲ್ಲರ ಒಪ್ಪಿಗೆ ಕೇಳ್ಬೇಕು. ಒಬ್ಬರು ಬೇಡ ಅಂದ್ರೂ ಬೇಡ. ಮನೆ ವಿಷಯ, ಕಾಯಿಲೆ ವಿಷಯ ಬಂದ್ರೆ ನಿಲ್ಲಿಸಬೇಕು. ರೆಕಾರ್ಡಿಂಗ್ ಎಲ್ಲಿ ಉಳಿಯುತ್ತೆ, ಯಾರು ಕೇಳಬಹುದು ಅಂತ ಮುಂಚೆನೇ ನೋಡ್ಕೋಬೇಕು. ಕೆಲಸ ಮುಗಿದ ಮೇಲೆ ಅಳಿಸಿಬಿಡಿ."

"ತಪ್ಪು ಬರೆದ್ರೆ?"

"ಬರೆಯುತ್ತೆ! ಅದಕ್ಕೇ ಯಾರೂ ಏಳೋ ಮುಂಚೆ ಗಟ್ಟಿಯಾಗಿ ಓದಿಸಬೇಕು."

ಮುಂದಿನ ಸಭೆಯಲ್ಲಿ ಬರೆಯೋ ಅಕ್ಕ ಮೊದಲು ಎಲ್ಲರ ಒಪ್ಪಿಗೆ ಕೇಳಿದಳು. ಮ್ಯಾನೇಜರ್ ಹಿಂದೆಮುಂದೆ ನೋಡಿ ತಲೆಯಾಡಿಸಿದರು. ಫೋನು ಮಧ್ಯದಲ್ಲಿ ಕೂತಿತು. ಅವಳು ಎದ್ದು ನಿಂತಳು. ಕಿಡಿ ಹಾರಿದ್ದು, ಬಟ್ಟೆ ಹೊತ್ತಿದ್ದು, ಓಡಲು ತಿರುಗಿದರೆ ಎದುರಿಗೆ ಬೀಗ ಕಂಡದ್ದು, ಎಲ್ಲ ಹೇಳಿದಳು.

"ಬೀಗ ತೆಗೆಯೋವರೆಗೂ ನಾನು ಪ್ರತಿ ಸಭೇಲೂ ಇದನ್ನೇ ಹೇಳ್ತೀನಿ ಸಾರ್."

ಮ್ಯಾನೇಜರ್ ಮುಖ ಒರೆಸಿಕೊಂಡರು. "ವೈರು ಇವತ್ತೇ ಬದಲಾಯಿಸ್ತೀನಿ. ಹಿಂಬಾಗಿಲಿನ ಬೀಗ ತೆಗೆಸ್ತೀನಿ, ನಾಳೆಯಿಂದಲೇ." ಅವರ ಕೊನೆಯ ಮಾತು ಚಪ್ಪಾಳೆಯಲ್ಲಿ ಮುಳುಗಿತು.

ಕೊನೆಗೆ ಫೋನು ಬರೆದದ್ದನ್ನು ಬರೆಯೋ ಅಕ್ಕ ಓದಿದಳು: "ಹಿಂಬಾಗಿಲು ಬೇಗ ತೆಗೆಸುತ್ತಾರೆ."

"ನಿಲ್ಲು ನಿಲ್ಲು!" ಅತ್ತೆ ಎದ್ದೇಬಿಟ್ಟರು. "ಬೇಗ ಅಲ್ಲ, ಬೀಗ! ಬೇಗ ಬೇಗ ಅಂತ ಇವರು ಹೇಳ್ತಾನೇ ಇದಾರಲ್ಲ!"

ಮ್ಯಾನೇಜರಿಗೂ ನಗು ತಡೆಯಲಾಗಲಿಲ್ಲ. "ಬೀಗ ಅಂತಲೇ ತಿದ್ದಮ್ಮ. ನಾಳೆಯಿಂದ ಅಂತ್ಲೂ ಸೇರಿಸು."

ತಿದ್ದಿದ ಪ್ರತಿ ಎಲ್ಲರ ಫೋನಿಗೂ ಹೋಯಿತು. ಮರುದಿನ ಬಾಗಿಲನ್ನು ಮೊದಲು ತಳ್ಳಿ ನೋಡಿದವರು ಅತ್ತೆ. ಬಾಗಿಲು ತೆರೆದುಕೊಂಡಿತು. "ಮುಂದಿನ ಸಲ ಫೋನು ನಾನಿಡ್ತೀನಿ. ನೀನು ಮಾತಾಡು," ಎಂದರು ಸೊಸೆಗೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಭೆಯಲ್ಲೂ ಬರೆಯುತ್ತ ಬರೆಯುತ್ತ ಮಾತು ಕಳೆದುಕೊಂಡವರು ಇರಬಹುದು. ಅವರ ಕೈಗೆ ಬಿಡುವು ಕೊಡಿ. ಕೇಳದೆ ರೆಕಾರ್ಡ್ ಮಾಡಬೇಡಿ, ಓದಿ ನೋಡದೆ ನಂಬಬೇಡಿ. ಬರೆಯುವುದು ಯಂತ್ರಕ್ಕಿರಲಿ. ಎದ್ದು ನಿಂತು ಕೇಳಬೇಕಾದವರು ನೀವೇ.