ಅವ್ವ ಕೂರುವಷ್ಟು ಜಾಗ

ಕುಣಿಯೊಳಗೆ ಇಳಿದು, ಗೂಡಿನ ಬಾಯಿಗೆ ಎರಡೂ ತೋಳು ಚಾಚಿ ನೋಡಿದ ಪಾಲಪ್ಪ ತಲೆ ಎತ್ತಿದ.

"ಅವ್ವಾರು ಇದರಾಗ ಕುಂದ್ರಂಗಿಲ್ರಿ, ಸಾವ್ಕಾರ್ರ."

ತೀರಿಕೊಂಡ ಹಂಪಮ್ಮನ ಪಾದಕ್ಕೆ ಬೆಳಿಗ್ಗೆ ಅವನೇ ಅಳತೆಯ ದಾರ ಹಿಡಿದಿದ್ದ. ರೂಢಿಯಂತೆ ಆ ಪಾದದ ಅಳತೆಗೇ ಕುಣಿ ತೋಡಿ, ಅವಳನ್ನು ಕೂರಿಸುವ ಗೂಡನ್ನೂ ಕೊರೆದಿದ್ದ. ಅಷ್ಟು ದೊಡ್ಡ ಮೈಗೆ ಎಳೆ ಹುಡುಗಿಯಂಥ ಪುಟ್ಟ ಪಾದ ಇದ್ದದ್ದು ಯಾರ ತಲೆಗೂ ಹೊಳೆದಿರಲಿಲ್ಲ.

ಎಮ್ಮಿಗನೂರಿನ ಹೊಲದ ಬದುವಿನಲ್ಲಿ, ಅವಳನ್ನು ಹೊತ್ತು ತಂದ ಹೂವಿನ ವಿಮಾನ ಇಳಿಸಿ ನಿಂತವರಲ್ಲಿ ಯಾರೋ ಮುಸಿಮುಸಿ ನಕ್ಕರು. ಮಗ ವೀರೇಶನ ಕಿವಿ ಬಿಸಿಯಾದವು. ಅವ್ವನ ಮೈಗೆ ನಾಚುವುದು ಅವನಿಗೆ ಹೊಸದಲ್ಲ.

*

ಕೆಲ ವರ್ಷಗಳ ಹಿಂದೆ ಸಂಡೂರಿನ ಅದಿರು ಸಾಗಿಸಿ ಲಾರಿಗಳು ವೀರೇಶನ ಕೈ ಹಿಡಿದಿದ್ದವು. ಅವನು ಹೊಸಪೇಟೆಯಲ್ಲಿ ಮನೆ ಕಟ್ಟಿದ. ಗೃಹಪ್ರವೇಶದ ದಿನ ಗಣಿಯ ದೊಡ್ಡವರ ಎದುರಿಗೇ ಹಂಪಮ್ಮ ಕೈಯಿರುವ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದಳು. ಕುರ್ಚಿಯೂ ಅವಳೊಂದಿಗೆ ಎದ್ದಿತು.

ವೀರೇಶ ಅವಳನ್ನು ಅಡುಗೆಮನೆಗೆ ಕರೆದೊಯ್ದ. "ಬಾಯಿ ಕಟ್ಟು ಅಂದ್ರ ಕೇಳವಲ್ಲಿ. ಮಂದಿ ಹೋಗೋತನಕ ಹೊರಗ ಬರಬ್ಯಾಡ."

"ಆತು ಬಿಡಪ್ಪ," ಎಂದ ಅವ್ವ ಸಂಜೆಯವರೆಗೂ ಗೋಡೆಗೆ ಒರಗಿ ನಿಂತೇ ಇದ್ದಳು.

ಮೊನ್ನೆ ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ಮಗಳು ತ್ರಿವೇಣಿ ಆಸ್ಪತ್ರೆಗೆ ಕರೆದಳು. "ಬ್ಯಾಡವ್ವ, ಅಲ್ಲೂ ಕುರ್ಚಿ ಇರ್ತಾವ," ಎಂದಳಂತೆ ಹಂಪಮ್ಮ. ಎಚ್ಚರ ತಪ್ಪಿದ ಮೇಲೆ ಹೊತ್ತೊಯ್ದರು.

"ಬರೇ ಬಾಯಿಚಪಲ ಅನಬ್ಯಾಡ್ರಿ," ಎಂದರು ಡಾಕ್ಟರು, ಅವ್ವನ ತಿನ್ನುವುದನ್ನೇ ದೂರಿದ ವೀರೇಶನಿಗೆ. "ಕೊಬ್ಬು ಹೆಚ್ಚಾದ ಮೈಯಾಗ ರೋಗದ ಜೋಡಿ ಹೊಡೆದಾಡೋ ಕಣ ಐತಲ್ಲ, ಅದು ಶಕ್ತಿ ಮಾಡಿಕೊಳ್ಳೋ ರೀತಿನೇ ಕೆಡತೈತಿ. ಸಣ್ಣ ಗಾಯಕ್ಕೂ ಸಿಟ್ಟಿಗೆದ್ದು ಉರಿ ಎಬ್ಬಸ್ತೈತಿ, ತಣ್ಣಗಾಗೋದು ಗೊತ್ತಾಗಂಗಿಲ್ಲ. ಆ ಉರಿನೇ ಇವರ ಮೈಯೆಲ್ಲಾ ಹಬ್ಬೇತಿ. ಜಲ್ದಿ ತರಬೇಕಿತ್ತು."

ಯಾಕೆ ತರಲಿಲ್ಲ ಎಂದು ಅವರು ಕೇಳಲಿಲ್ಲ.

*

"ಹೊತ್ತಾತ್ರಿ. ಸ್ವಲ್ಪ ಒತ್ತಿ ಕುಂದ್ರಸೋಣೇನು?" ಎಂದ ಪಾಲಪ್ಪ.

ತ್ರಿವೇಣಿ ಅಣ್ಣನ ಮುಖ ನೋಡಲಿಲ್ಲ. "ಸತ್ತ ಮ್ಯಾಲೂ ಅವ್ವನ್ನ ಒತ್ತಬೇಕೇನಣ್ಣ?"

ವೀರೇಶನಿಗೆ ಎಲ್ಲರೆದುರು ಬೆತ್ತಲೆ ನಿಂತಂತಾಯಿತು. ಈ ಸಲ ನಾಚಿಕೆ ಅವ್ವನದಲ್ಲ, ತನ್ನದೇ. ಬಿಳಿ ಅಂಗಿ ಕಳಚಿಟ್ಟು ಕುಣಿಗೆ ಇಳಿದ. ಪಾಲಪ್ಪನ ಕೈಯಿಂದ ಗುದ್ದಲಿ ಇಸಿದುಕೊಂಡು ಅಗೆದ. ಗೂಡಿನೊಳಗೆ ತಾನೇ ಕೂತು, ಎರಡೂ ಮೊಣಕೈ ಅಗಲಿಸಿ ನೋಡಿ, ಸಾಲದೆನಿಸಿ ಮತ್ತೆ ಅಗೆದ. ಯಾರೂ ನಗಲಿಲ್ಲ.

ಹಂಪಮ್ಮನನ್ನು ಇಳಿಸಿ, ಚಕ್ಕಳಮಕ್ಕಳ ಹಾಕಿ ಕೂರಿಸಿದರು. ಎರಡೂ ಪಕ್ಕದಲ್ಲಿ ಅಂಗೈಯಗಲ ಜಾಗ ಉಳಿಯಿತು. ಪಾಲಪ್ಪ ಅಲ್ಲಿಗೆ ಪತ್ರೆ ತುಂಬಲು ಬಗ್ಗಿದಾಗ ವೀರೇಶ ಅವನ ಕೈ ಹಿಡಿದ.

"ತುಂಬಬ್ಯಾಡ. ಅವ್ವ ಆರಾಮ ಕುಂದ್ರಲಿ."