ನೆರಳಿನ ಗೂಟ

ಸುಲಿದ ತೆಂಗಿನಕಾಯಿ ಒಂಬೈನೂರು ದಾಟುವ ಹೊತ್ತಿಗೆ ಗೊಲ್ಲಪ್ಪನ ತೋಳುಗಳು ಅವನ ಮಾತು ಕೇಳುವುದನ್ನು ಬಿಟ್ಟಿದ್ದವು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಆದರೂ ಅವನ ಕಣ್ಣೆಲ್ಲ ಹತ್ತು ಹೆಜ್ಜೆ ಆಚೆ ಏರುತ್ತಿದ್ದ ಹಾಲೇಶನ ರಾಶಿಯ ಮೇಲೇ ಇತ್ತು.

ಹೊಸದುರ್ಗದ ಪಂಚಾಕ್ಷರಪ್ಪನವರ ತೆಂಗಿನ ಮಂಡಿಯಲ್ಲಿ ಒಂದು ಕಟ್ಟಳೆ. ಕಾಯಿ ಸುಲಿಯುವ ಕಬ್ಬಿಣದ ಗೂಟಗಳೆಲ್ಲ ಬಿಸಿಲಲ್ಲಿ. ಬೇವಿನ ನೆರಳಲ್ಲಿರುವ ಒಂದು ಮಾತ್ರ ಎಲ್ಲರಿಗಿಂತ ಹೆಚ್ಚು ಸುಲಿಯುವವನದು. ಇಪ್ಪತ್ತು ವರ್ಷ ಅದು ಗೊಲ್ಲಪ್ಪನದೇ ಆಗಿತ್ತು. ಕಾಲಿಗೆ ಗಾಯವಾಗಿ ಎರಡು ತಿಂಗಳು ಮನೆಯಲ್ಲಿ ಕೂತು ಬಂದರೆ, ಅವನ ಜಾಗದಲ್ಲಿ ಹಾಲೇಶ ನಿಂತಿದ್ದ. ಕಾಯನ್ನು ಕುಕ್ಕಿ ಮೂರೇ ತಿರುವಿಗೆ ಸಿಪ್ಪೆ ಬಿಡಿಸುವುದನ್ನು ಅವನಿಗೆ ಕೈಹಿಡಿದು ಕಲಿಸಿದವನು ಗೊಲ್ಲಪ್ಪನೇ. ಹೊಟ್ಟೆಕಿಚ್ಚಿಗೆ ಅಷ್ಟು ಸಾಕಲ್ಲ! ಒಂದು ದಿನ ಇಬ್ಬರೂ ಸುಲಿಯಲಿ, ಗೆದ್ದವರು ನೆರಳಿಗೆ ಬರಲಿ ಎಂದು ಪಂಚಾಕ್ಷರಪ್ಪನವರು ನಗುತ್ತಾ ತೀರ್ಪು ಕೊಟ್ಟರು.

ಪಂದ್ಯದ ದಿನ ಸಂಜೆ ಎಣಿಸಿದಾಗ ಹಾಲೇಶನದು ನಲವತ್ತು ಕಾಯಿ ಹೆಚ್ಚಿತ್ತು. ಗೊಲ್ಲಪ್ಪ ಯಾರ ಮುಖವನ್ನೂ ನೋಡದೆ ಮನೆಗೆ ಹೋದ.

ಮಾರನೆಯ ದಿನ ಅಂಗಿ ತೊಡಲು ತೋಳು ಮೇಲೇಳಲಿಲ್ಲ. ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಉಷ್ಣವಾಗಿದೆ ಎಂದು ಹೆಂಡತಿ ಏಕಾಂತಮ್ಮ ಎಳನೀರು ಕೆತ್ತಿಕೊಟ್ಟಳು. ಆ ಸೀಮೆಯಲ್ಲಿ ಯಾವ ಉಷ್ಣಕ್ಕಾದರೂ ಮದ್ದು ಅದೇ. ಎರಡು ದಿನದಲ್ಲಿ ಹನ್ನೊಂದು ಎಳನೀರು ಕುಡಿದ. ಮೂರನೆಯ ದಿನ ಎದೆಬಡಿತ ತಪ್ಪತೊಡಗಿ ಕಣ್ಣು ಕತ್ತಲಿಟ್ಟಿತು. ಸುದ್ದಿ ಕೇಳಿ ಆಟೊ ತಂದು, ಅವನನ್ನು ಆಸ್ಪತ್ರೆಗೆ ಸೇರಿಸಿದವನು ಹಾಲೇಶನೇ. ಅದಂತೂ ಗೊಲ್ಲಪ್ಪನಿಗೆ ನೋವಿಗಿಂತ ಹೆಚ್ಚು ಉರಿಯಿತು.

ಎರಡು ತಿಂಗಳು ಸುಮ್ಮನಿದ್ದ ಮೈಯನ್ನು ಒಂದೇ ದಿನ ಹಿಂಡಿದ್ದಕ್ಕೆ ಮಾಂಸಖಂಡ ಒಡೆದು ರಕ್ತಕ್ಕೆ ಸೇರಿದೆ, ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದು ಡಾಕ್ಟರು ಗದರಿದರು. ಎಳನೀರಿನಲ್ಲಿರುವ ಪೊಟ್ಯಾಸಿಯಂ ಇಂಥ ಹೊತ್ತಲ್ಲಿ ಗುಂಡಿಗೆಯನ್ನೇ ನಿಲ್ಲಿಸುತ್ತದೆ, ಇನ್ನು ಮುಟ್ಟಬೇಡ, ಬರಿ ನೀರು ಕುಡಿ ಎಂದರು. ಗೊಲ್ಲಪ್ಪನ ತಲೆಯಲ್ಲಿ ಒಂದೇ ಪ್ರಶ್ನೆ. ಅಷ್ಟೇ ಕೆಲಸ ಮಾಡಿದ ಈ ಹಾಲೇಶ ಮಾತ್ರ ಹೇಗೆ ನೆಟ್ಟಗೆ ನಿಂತಿದ್ದಾನೆ?

ಏಕಾಂತಮ್ಮ ಔಷಧಿ ತರಲು ಹೋದಳು. ಗೊಲ್ಲಪ್ಪ ನೀರು ಕೇಳಿದ. ಹಾಲೇಶ ಲೋಟವನ್ನು ಬಾಯಿಯ ಹತ್ತಿರ ತರುವಷ್ಟರಲ್ಲಿ ಅರ್ಧ ನೀರು ಗೊಲ್ಲಪ್ಪನ ಎದೆಯ ಮೇಲೆ ತುಳುಕಿತು.

"ಯಾಕಲೇ, ಕೈ ನಡುಗ್ತೈತೆ?"

ಹಾಲೇಶ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅವತ್ತಿಂದ ಹಿಂಗೇ ಐತೆ ಗೊಲ್ಲಪ್ಪಣ್ಣ. ತುತ್ತು ಎತ್ತಾಕೂ ಆಗವಲ್ದು, ಅವ್ವನೇ ಉಣ್ಣುಸ್ತಾಳೆ. ಮಂಡಿ ಕಡೀಗೆ ಹೋಗೇ ಇಲ್ಲ. ಯಾರಿಗೂ ಹೇಳ್ಬ್ಯಾಡ."

ಮೂರು ದಿನದಲ್ಲಿ ಮೊದಲ ಸಲ ಗೊಲ್ಲಪ್ಪನಿಗೆ ಹಾಯೆನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಆ ನೆಮ್ಮದಿ ಹೋಗಲಿಲ್ಲ.

"ಇನ್ನೊಂದು ಲೋಟ ಕುಡ್ಸು," ಎಂದ.

ಹಾಲೇಶ ಎರಡೂ ಕೈಯಲ್ಲಿ ಲೋಟ ಹಿಡಿದು, ಹಲ್ಲು ಕಚ್ಚಿ ಎತ್ತತೊಡಗಿದ. ಗೊಲ್ಲಪ್ಪ ಆ ಕೈಗಳನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ.